ಮ್ಯಾಪಿನಲ್ಲಿ ಪಾದಯಾತ್ರೆ

ಕೃಷ್ಣಾಬಾಯಿಗೆ ಮೊಣಕಾಲು ನೋವು. ಹಾಗಾಗಿ ಶಿಗ್ಗಾಂವಿಯ ತಮ್ಮ ಮನೆಯಲ್ಲೇ ಕೂತು, ಫೋನಿನ ಮ್ಯಾಪಿನಲ್ಲಿ ಕಾಣುವ ರಸ್ತೆಯ ಫೋಟೋಗಳಲ್ಲಿ ಬಾಣದ ಗುರುತು ಒತ್ತುತ್ತ ಒತ್ತುತ್ತ ಸವಣೂರಿನ ಮಠಕ್ಕೆ ಪಾದಯಾತ್ರೆ ಹೊರಟಿದ್ದರು. ಚಪ್ಪಲಿ ಬಿಟ್ಟು. ನಡುವೆ ರಸ್ತೆ ಹಾರಿಸುವಂತಿಲ್ಲ. ಹಾರಿಸಿದರೆ ಪುಣ್ಯ ಕಟ್.

ಮಗ ಸುಶೀಂದ್ರನ ಎದೆಯಲ್ಲಿ ವಿಲನ್ ಎಂಟ್ರಿಯ ಮ್ಯೂಸಿಕ್ಕು. ಮುಂದಿನ ತಿರುವಿನಲ್ಲೇ ಇಮ್ರಾನನ ಆಮ್ಲೆಟ್ ಗಾಡಿ. ಮ್ಯಾಪಿನ ಕ್ಯಾಮೆರಾ ಕಾರು ಹಾದುಹೋದ ದಿನ ಆ ಗಾಡಿಯ ಮುಂದೆ ಬಾಯಿ ತೆರೆದು ನಿಂತಿದ್ದವನು ಇವನೇ. ಉಳ್ಳಾಗಡ್ಡಿ-ಬೆಳ್ಳುಳ್ಳಿಗೂ ಎಂಟ್ರಿ ಇಲ್ಲದ ಮನೆ! ಅವ್ವ ನೋಡಿದರೆ ಆಮ್ಲೆಟ್ಟಿಗೆ ಇಂದೇ 'ಶುಭಂ'.

"ಅವ್ವಾ, ಮುಂದ ರಸ್ತಾ ಅಗದಾರ. ಸುತ್ತಹಾಕಿ ಹೋಗು."

"ಫೋನಿನ್ಯಾಗ ತಗ್ಗಿಗೆ ಬೀಳ್ತೇನೇನೋ, ಖೋಡಿ?"

ಸುಶೀಂದ್ರ ಮೆಲ್ಲಗೆ ವೈಫೈ ಕಿತ್ತ. ನೆಟ್ ಹೋಯಿತೆಂದು ಅವ್ವ ಕೂಗಿದ್ದೇ ತಡ, ಪಕ್ಕದ ಮನೆಯ ಸಾವಂತ್ರವ್ವ ಆಂಬುಲೆನ್ಸಿನಂತೆ ಓಡಿಬಂದಳು.

"ನಮ್ಮ ಹಾಟ್‌ಸ್ಪಾಟ್ ತೊಗೋರಿ ಬಾಯಾರ! ಯಾತ್ರಿ ಅರ್ಧಕ್ಕ ನಿಲ್ಲಬಾರದು."

"ಕಾಲು ಸೋತಿರ್ತಾವು, ಚಾ ಕುಡಿಯವ್ವಾ," ಎಂದ ಸುಶೀಂದ್ರ.

"ಸೋತದ್ದು ಹೆಬ್ಬಟ್ಟು. ಸುಮ್ಮನ ಕುಂಡ್ರು."

ಒತ್ತಿದರು. ಗಾಡಿ ಬಂತು. ಮ್ಯಾಪಿನವರು ಮುಖವನ್ನೇನೋ ಚಹಾದಲ್ಲಿ ನೆನೆದ ಬನ್ನಿನಂತೆ ಮಸುಕು ಮಾಡಿದ್ದರು. ಹಳದಿ ಚೌಕಡಿ ಅಂಗಿ ಮಾತ್ರ ಸಿನಿಮಾ ಪೋಸ್ಟರಿನಂತೆ ಹೊಳೆಯುತ್ತಿತ್ತು.

"ಈ ಅಂಗಿ ಎಲ್ಲೋ ನೋಡೇನಿ ನೋಡ್ರಿ," ಎಂದಳು ಸಾವಂತ್ರವ್ವ.

ಅವ್ವ ಚಾಳೀಸು ಮೂಗಿಗೆ ಏರಿಸಿದರು. ಸುಶೀಂದ್ರ ಕಣ್ಣು ಮುಚ್ಚಿದ.

"ಏನ್ರೀ!"

ಕೂಗಿದ್ದು ಒಳಕೋಣೆಯ ಕಡೆಗೆ. ದೀಪಾವಳಿಗೆ ಒಂದೇ ಬಟ್ಟೆಯ ತಾನಿನಲ್ಲಿ ಅಪ್ಪ-ಮಗ ಇಬ್ಬರಿಗೂ ಅಂಗಿ ಹೊಲಿಸಿದ್ದರಲ್ಲ! "ಈ ಹೊಟ್ಟಿ ನಿಮ್ಮದ. ತತ್ತಿ ತಿಂದ್ರೇನು?"

ಹೊಟ್ಟೆಯ ಅವಮಾನವನ್ನು ಸುಶೀಂದ್ರ ಖುಷಿಯಿಂದ ನುಂಗಿದ. ಮರುಕ್ಷಣವೇ ಬೆವರಿದ: ಅಪ್ಪ 'ನಾನಲ್ಲ' ಎಂದರೆ ಉಳಿಯುವುದು ಇನ್ನೊಂದೇ ಅಂಗಿ!

ಅಪ್ಪ ಪ್ರಾಣೇಶರಾಯರು ಬಂದರು. ಫೋಟೋ ನೋಡಿ ತಲೆ ತಗ್ಗಿಸಿದರು.

"ತಪ್ಪಾತು. ವಾರಕ್ಕೊಮ್ಮೆ ಅಷ್ಟ. ಫೋಟೋ ಯಾವಾಗ ಹೊಡದ್ರೋ, ಗೊತ್ತಾಗ್ಲಿಲ್ಲ."

ಅಪ್ಪಾ, ನೀನೂನಾ! ಸುಶೀಂದ್ರನ ಎದೆಯ ಮೇಲಿನ ಬಂಡೆ ಉರುಳಿತು. ಬಚಾವ್! ಅವ್ವ ಅವನ ತಲೆ ಸವರಿದರು.

"ನೀ ಒಬ್ಬಾವ ನನ್ನ ಬಂಗಾರ. ನಾಳಿಂದ ಅಪ್ಪ ಹೊರಗ ಹೊಂಟ್ರ ದಿನಾ ಜೋಡಿ ನೀನ ಹೋಗು, ನೀನ ಕರಕೊಂಡು ಬಾ. ಈ ಮನಿಯವರಿಗೆ ಏನೂ ಕೊಡಬ್ಯಾಡಂತ ಆ ಇಮ್ರಾನಗೂ ಹೇಳಬೇಕು."

"ಅದನ್ನ ನನಗ ಬಿಡ್ರಿ!" ಸಾವಂತ್ರವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಯಾರಿಗೂ ಕೊಡಬಾರದಾ, ಅವ್ವಾ?" ಸುಶೀಂದ್ರ ಬಾಗಿಲಿಗೆ ಅಡ್ಡ ನಿಂತ.

"ನಿನಗ್ಯಾಕೋ ಆ ಚಿಂತಿ? ನೀ ಏನು ತಿಂತೀಯೇನು?"