ದಸ್ತಿ ಒಗೆದು ಹಿಡಿದ ಸೀಟು

ನನಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ನಂಬಿದ್ದಾರೆ. ನಿಜ ಹೇಳಬೇಕೆಂದರೆ ಬರುತ್ತದೆ. ಜೊತೆಗೆ ನಡುಕವೂ ಬರುವುದರಿಂದ, ಬಂದದ್ದು ಸಿಟ್ಟೋ ಚಳಿಜ್ವರವೋ ನೋಡಿದವರಿಗೆ ತಿಳಿಯುವುದಿಲ್ಲ. ಯಾರಾದರೂ ಎದೆಯುಬ್ಬಿಸಿ ಎದುರು ನಿಂತರೆ ಮೊದಲು ಮೊಣಕಾಲು, ಆಮೇಲೆ ಕೈಬೆರಳು, ಕೊನೆಗೆ ದನಿ, ಒಂದೊಂದಾಗಿ ನನ್ನ ಮಾತು ಕೇಳುವುದನ್ನು ಬಿಡುತ್ತವೆ. ಮನೆ ಮುಂದೆ ಕಸ ಚೆಲ್ಲಿದ ನೆರೆಯವರ ಮೇಲೆ ಒಮ್ಮೆ ಜಗಳಕ್ಕೆ ಹೋಗಿ, ದನಿಯೇ ಹೊರಡದೆ, ಅವರ ಮನೆಯಲ್ಲೇ ನೀರು ಕೇಳಿ ಕುಡಿದು ಬಂದವನು ನಾನು. ಇಂಥವನು ಆಳಂದದ ಹೈಸ್ಕೂಲಿನ ಮಕ್ಕಳಿಗೆ, ಸಿಟ್ಟು ಬಂದಾಗ ನಿಧಾನವಾಗಿ ಉಸಿರೆಳೆದು ಹತ್ತು ಎಣಿಸಬೇಕೆಂದು ವರ್ಷಾವರ್ಷ ಉಪದೇಶ ಮಾಡುತ್ತೇನೆ. ಈ ಜ್ಞಾನ ಮೊಬೈಲಿನ ವಿಡಿಯೋದಿಂದ ಬಂದದ್ದು. ಅದರಲ್ಲಿ ಮಾತಾಡುವಾತನ ಎದುರು ಯಾರೂ ಮುಷ್ಟಿ ಎತ್ತಿರಲಿಲ್ಲವೆಂಬುದನ್ನು ನಾನು ಗಮನಿಸಿರಲಿಲ್ಲ.

ಹೋದ ಹುಣ್ಣಿಮೆಗೆ ಗಾಣಗಾಪುರದ ದರ್ಶನ ಮುಗಿಸಿ ನಾನೂ ನನ್ನಾಕೆಯೂ ಅಫಜಲಪುರದ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸು ಕಾಯುತ್ತಿದ್ದೆವು. ಆಕೆಯ ಮೊಣಕಾಲು ಬಾತಿತ್ತು. ಬಹಳ ಹೊತ್ತು ನಿಲ್ಲಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸೀಟು ಸಿಗದಿದ್ದರೆ ಬಸ್ಸನ್ನೇ ಹತ್ತುವುದಿಲ್ಲವೆಂದು ಆಕೆ ಮೊದಲೇ ಹೇಳಿಬಿಟ್ಟಿದ್ದಳು. ನಮ್ಮ ಕಡೆ ಸೀಟು ಹಿಡಿಯುವ ಪದ್ಧತಿ ಸರಳವಾದದ್ದು: ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ದಸ್ತಿ ಒಗೆಯುವುದು, ಅಂದರೆ ಕರವಸ್ತ್ರ ಎಸೆಯುವುದು. ದಸ್ತಿ ಬಿದ್ದ ಸೀಟಿನಲ್ಲಿ ಎಂಥ ಗೌಡನೂ ಕೂಡುವುದಿಲ್ಲ. ಅಷ್ಟು ಮರ್ಯಾದೆ ಮನುಷ್ಯರಿಗೂ ಇಲ್ಲ. ಆ ದಿನ ಎರಡು ಬಸ್ಸು ಒಟ್ಟಿಗೇ ಬಂದು ಪಕ್ಕಪಕ್ಕ ನಿಂತವು. ನಾನು ಓಡಿ ನನ್ನ ನೀಲಿ ಅಂಚಿನ ದಸ್ತಿ ಒಗೆದೆ. ಆಮೇಲೆ ಜನರ ನೂಕಾಟದಲ್ಲಿ ಎತ್ತಲೋ ತಿರುಗಿ, ಅಂತೂ ಆಳಂದದ ಬಸ್ಸಿನ ಬಾಗಿಲು ಸಿಕ್ಕಿ ಹತ್ತಿದೆವು. ನೋಡಿದರೆ ಮೂರನೇ ಸಾಲಿನಲ್ಲಿ ನೀಲಿ ಅಂಚಿನ ದಸ್ತಿ ನಮಗಾಗಿ ಕಾಯುತ್ತಿತ್ತು.

ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಭಾರೀ ಕೈ ಬಂತು. ಕರಜಗಿ ಕಡೆಯ ರೈತ, ಬಸಣ್ಣನೆಂದು ಆಮೇಲೆ ತಿಳಿಯಿತು. ದಸ್ತಿ ತನ್ನದೆಂದ. ನನ್ನದೆಂದೆ. ಅಲ್ಲಿಗೇ ನಿಲ್ಲಿಸದೆ, ಸುಳ್ಳು ಹೇಳಬೇಡಿ ಎಂದೂ ಸೇರಿಸಿದೆ. ಅವನಿಗೆ ತಾಗಿದ್ದು ಆ ಮಾತು. ನನ್ನ ಕಾಲರು ಅವನ ಎಡಗೈಗೆ ಹೋಯಿತು, ಬಲಗೈ ಮೇಲಕ್ಕೆದ್ದಿತು. ನಾನು ಎಣಿಸತೊಡಗಿದೆ. ಒಂದು, ಎರಡು, ನಾಲ್ಕು. ಮೂರು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಬೆನ್ನ ಹಿಂದೆ ನನ್ನಾಕೆ ಕುಂಟುಗಾಲಿನಲ್ಲಿ ನಿಂತಿದ್ದಳು, ಹಿಂದೆ ಸರಿಯುವಂತೆಯೂ ಇರಲಿಲ್ಲ.

ಆಗ ಕಿಟಕಿಯ ಹೊರಗಿನಿಂದ, "ಅಣ್ಣಾರ, ಒಂಚೂರು ಹಿಡೀರಿ," ಎಂಬ ದನಿ ಬಂತು. ಬುರ್ಖಾ ತೊಟ್ಟ ಹೆಣ್ಣುಮಗಳೊಬ್ಬಳು ನಿದ್ದೆ ಹೋಗಿದ್ದ ಕೂಸನ್ನು ನನ್ನ ಕೈಗಿಟ್ಟು, ಬಾಗಿಲ ಕಡೆ ಹೋದಳು. ಗದ್ದಲದ ಬಸ್ಸಿಗೆ ಕೂಸುಗಳು ಕಿಟಕಿಯಿಂದಲೇ ಹತ್ತುವುದು ನಮ್ಮಲ್ಲಿ ಹೊಸದಲ್ಲ. ಆರು ತಿಂಗಳ ಹೆಣ್ಣುಕೂಸು, ಬೆಚ್ಚಗಿತ್ತು. ಎದ್ದು ಅತ್ತರೆ ಗತಿಯೇನೆಂದು ಉಸಿರನ್ನು ಸಣ್ಣಗೆ ಬಿಟ್ಟೆ, ನಿಧಾನ ಎಳೆದೆ. ಅದರ ಕತ್ತಿನ ಕೆಳಗೆ ಕೈ ಕೊಟ್ಟದ್ದೇ ಬೆರಳ ನಡುಕ ನಿಂತಿತು. ಬಸಣ್ಣನೂ ಮುಷ್ಟಿ ಇಳಿಸಿದ. ಕಾಲರು ಮಾತ್ರ ಬಿಡಲಿಲ್ಲ. ಅಲ್ಲಿಂದ ಮುಂದೆ ನಾವು ಪಿಸುಮಾತಿನಲ್ಲಿ ಜಗಳವಾಡಿದೆವು.

"ದಸ್ತಿ ನಂದರಿ ಸರ," ಎಂದ ಅವನು. "ಮೂಲ್ಯಾಗ ಬೀಡಿ ಕಿಡಿ ಬಿದ್ದು ತೂತಾಗ್ಯದ, ನೋಡ್ರಿ."

ನನ್ನಾಕೆ ಬಿಚ್ಚಿ ನೋಡಿದಳು. ತೂತಿತ್ತು. ಅಷ್ಟರಲ್ಲಿ ಪಕ್ಕದ ಜೇವರ್ಗಿ ಬಸ್ಸು ಹೊರಟಿತು. ಅದರ ಕಿಟಕಿ ಪಕ್ಕದ ಖಾಲಿ ಸೀಟಿನಲ್ಲಿ ಇನ್ನೊಂದು ನೀಲಿ ಅಂಚಿನ ದಸ್ತಿ ಒಬ್ಬಂಟಿಯಾಗಿ ಕೂತಿತ್ತು. ಮುದುಕನೊಬ್ಬ ಅದಕ್ಕೆ ಮರ್ಯಾದೆ ಕೊಟ್ಟು ಪಕ್ಕದಲ್ಲೇ ನಿಂತಿದ್ದ.

ತಪ್ಪಾಯಿತೆಂದೆ. ಬಸಣ್ಣ ಕಾಲರು ಬಿಟ್ಟು, ಅದರ ಸುಕ್ಕನ್ನೂ ಸವರಿ, ನನ್ನಾಕೆಯ ಕಾಲು ನೋಡಿ, "ಅಕ್ಕಾರ ಕುಂಡ್ರಲಿ ಬಿಡ್ರಿ," ಎಂದ. ತನ್ನ ಎದೆಯೂ ಇನ್ನೂ ಡವಡವ ಅನ್ನುತ್ತಿದೆಯೆಂದು ಮೆಲ್ಲಗೆ ಹೇಳಿಕೊಂಡ. ಅಷ್ಟು ದೊಡ್ಡ ಆಳಿಗೂ ಹೀಗಾಗುತ್ತದೆಂದು ತಿಳಿದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವನ ಕೈ ಹಿಡಿಯಬೇಕೆನಿಸಿತು, ಕೂಸಿತ್ತು, ಆಗಲಿಲ್ಲ. ಅವನ ದೊಡ್ಡ ಮನಸ್ಸಿಗೆ ನಾನು ಇವತ್ತಿಗೂ ಋಣಿ.

ಕೂಸಿನ ತಾಯಿ ಹೇಗೋ ಒಳಗೆ ಬಂದಳು. ಕಿಣ್ಣಿ ಸುಲ್ತಾನಕ್ಕೆ ಹೊರಟವಳು. ನನ್ನಾಕೆ ಸರಿದು ಜಾಗ ಕೊಟ್ಟಳು. ಕೂಸನ್ನು ಒಪ್ಪಿಸುತ್ತ ನಾನು, ಹಲ್ಲು ಉಳಿಸಿದಿರಿ ತಾಯಿ ಎಂದು ಮನಸಾರೆ ಹೇಳಿ, ಜಗಳಾಡುವವನ ಕೈಗೆ ಕೂಸು ಕೊಡಲು ಹೆದರಿಕೆಯಾಗಲಿಲ್ಲವೇ ಎಂದು ತುಸು ಬಿಗುಮಾನದಿಂದಲೇ ಕೇಳಿದೆ. ಆಕೆ ಅಚ್ಚರಿಯಿಂದ ನನ್ನ ಮುಖ ನೋಡಿದಳು.

"ಜಗಳಾ ಅವರು ಮಾಡಾಕತ್ತಿದ್ರರಿ. ನೀವು ಅವರ ಹತ್ರ ಜಾಗಾ ಬೇಡಾಕತ್ತೀರಿ ಅಂತ ತಿಳಕೊಂಡಿದ್ದೆ."

ನನ್ನಾಕೆ ತಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಭುಜ ಮಾತ್ರ ಆಳಂದ ಬರುವವರೆಗೂ ಕುಲುಕುತ್ತಿತ್ತು.