ಪರಲೋಕಕ್ಕೊಂದು ಟವೆಲ್

ನಮ್ಮ ಚಿಕ್ಕಪ್ಪನಿಗೆ ಪರಲೋಕದಲ್ಲಿ ಸೀಟು ಖಾತ್ರಿಯಾಗಿದೆ. ನಾನು ಹೇಳುತ್ತಿಲ್ಲ ಸ್ವಾಮಿ, ಅವರೇ ಹೇಳುತ್ತಾರೆ! ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಚಿಕ್ಕಮ್ಮನಿಗೂ ತಮಗೂ ಜಾಗ ಹಿಡಿಯುವ ಗಟ್ಟಿಗರು. ಯೇಸುವಿನ ರಾಜ್ಯವೆಂದರೆ ಸುಮ್ಮನೆ ಬಿಟ್ಟಾರೆಯೇ?

ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಕಿರಿಸ್ತಾನರಾದ ಮೇಲಂತೂ ಅವರ ಕಾಟ ಹೇಳತೀರದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರನ್ನು, "ನಿಮಗೆ ರಕ್ಷಣೆ ಸಿಕ್ಕೈತೇನ್ರೀ?" ಎಂದು ಕೇಳಿದರು. ಆತ ಎಲೆ ನೋಡಿಕೊಂಡು, "ನನಗಿನ್ನೂ ಪಾಯಸಾನೇ ಸಿಕ್ಕಿಲ್ರೀ!" ಎಂದ.

ಊರಿಗೆಲ್ಲ ಪರಲೋಕ ಹಂಚುವ ಇವರ ಮಾತು ಮನೆಯಲ್ಲೇ ನಡೆಯಲಿಲ್ಲ. ಚಿಕ್ಕಮ್ಮ ದೀಕ್ಷಾಸ್ನಾನಕ್ಕೆ ಒಪ್ಪಲಿಲ್ಲ. "ನಮ್ಮವ್ವ ಹೋದ ಕಡೆನೇ ನಾನೂ ಹೋಗ್ತೀನ್ರೀ" ಎನ್ನುತ್ತಿದ್ದರು.

ಒಮ್ಮೆ ಚಿಕ್ಕಮ್ಮ ರೊಟ್ಟಿ ಸುಡುತ್ತಿದ್ದರು, ನಾನು ಅವರ ಅಡುಗೆಮನೆಯಲ್ಲೇ ಕೂತು ತಿನ್ನುತ್ತಿದ್ದೆ. ಚಿಕ್ಕಪ್ಪ ಶುರು ಮಾಡಿದರು.

"ಪರಲೋಕದಾಗೆ ಬರೀ ಆನಂದ ಕಣೇ. ಕಣ್ಣೀರೇ ಇರಲ್ಲ."

"ನಾನು ನರಕದಾಗೆ ಬೇಯ್ತಿದ್ರೆ, ಅಲ್ಲಿ ನಿಮಗೆ ಅಳು ಬರಲ್ವೇನ್ರೀ?"

"ಅಲ್ಲಿ ನಿನ್ನ ನೆನಪೇ ಇರಲ್ಲ!"

"ಹಂಗಾರೆ ಅಲ್ಲಿಗೆ ಹೋಗೋದು ನೀವಲ್ಲ ಬಿಡ್ರಿ, ಯಾರೋ ಬೇರೆಯೋರು."

ನಾನು ಬಿದ್ದು ಬಿದ್ದು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸೀದುಹೋಯಿತು.

ಹೋದ ವರ್ಷ ಚಿಕ್ಕಮ್ಮ ತೀರಿಕೊಂಡರು. ಪಾಸ್ಟರ್ ಬಾಗಿಲಲ್ಲೇ ನಿಂತು, "ದೀಕ್ಷಾಸ್ನಾನ ಆಗಿಲ್ಲವಲ್ಲ, ಸಭೆಯಿಂದ ಮಣ್ಣು ಮಾಡಾಕೆ ಬರಲ್ಲ" ಎಂದರು. ನಮ್ಮ ನೆಂಟರು, "ಇದು ಕಿರಿಸ್ತಾನರ ಮನೆ, ನಾವು ಹೆಂಗೆ ಕೈ ಹಾಕಾದು?" ಎಂದು ದೂರ ನಿಂತರು. ಆಹಾ, ಎಂಥ ಭಕ್ತರು! ಎಲ್ಲರೂ ತಂತಮ್ಮ ದೇವರ ಮಾನ ಉಳಿಸಿದರು. ಹೆಣ ಮಾತ್ರ ಅಂಗಳದಲ್ಲೇ ಬಿಸಿಲು ಕಾಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಚಿಕ್ಕಪ್ಪನ ಮೇಲೆ. ಬದುಕಿದ್ದಷ್ಟು ದಿನ ಆಕೆಯನ್ನು ನರಕದ ಹೆಸರು ಹೇಳಿ ಹೆದರಿಸಿದರಲ್ಲ! "ಇನ್ನೇನು, ಆನಂದವಾಗಿ ಮರೆತುಬಿಡಿ" ಎಂದು ಮುಖಕ್ಕೆ ಹೇಳಿಬಿಡಬೇಕೆಂದುಕೊಂಡೆ.

ಕೊನೆಗೆ ಅಕ್ಕಪಕ್ಕದ ಮನೆಯವರು ಬಂದರು. ಅವರೂ ನಾನೂ ಸೇರಿ ಚಿಕ್ಕಮ್ಮನನ್ನು ಹೊಲಕ್ಕೆ ಹೊತ್ತು, ಗುಂಡಿಗೆ ಇಳಿಸಿದೆವು. ಮಣ್ಣು ಎಳೆಯುವಷ್ಟರಲ್ಲಿ ಚಿಕ್ಕಪ್ಪ ತಡೆದರು. ತಾವೇ ಗುಂಡಿಗೆ ಇಳಿದು, ಹೆಗಲ ಮೇಲಿನ ಟವೆಲ್ ತೆಗೆದು, ನಾಲ್ಕು ಮಡಿಕೆ ಮಾಡಿ ಚಿಕ್ಕಮ್ಮನ ಕೈಗಿಟ್ಟರು.

"ಲೇ, ನೀನು ಯಾವ ಕಡೆ ಹೋದ್ರೂ ಸರಿ, ಪಕ್ಕದಾಗೆ ಇದನ್ನ ಹಾಕಿಟ್ಟಿರು. ನಾನು ಬರೋತನಕ ಯಾರನ್ನೂ ಕೂರಿಸ್ಬ್ಯಾಡ."