ಬೆಂಕಿಗೆ ಹೋದ ಶ್ಯಾವಿಗೆ ಒರಳು

ನಮ್ಮತ್ತೆಯ ಮನೆಯಲ್ಲಿ ಇವತ್ತಿನವರೆಗೆ ಒಂದೇ ಒಂದು ವಸ್ತುವೂ ಕಳೆದುಹೋಗಿಲ್ಲ. ಒಡೆದಿಲ್ಲ, ಹರಿದಿಲ್ಲ, ಇಲಿ ತಿಂದಿಲ್ಲ, ಗೆದ್ದಲು ಹಿಡಿದಿಲ್ಲ. ಎಲ್ಲವೂ ಬೆಂಕಿಗೆ ಹೋಗಿವೆ! ಅಯ್ಯೋ ಪಾಪ, ಮನೆಗೆ ಬೆಂಕಿ ಬಿದ್ದಿತ್ತೇ ಎಂದು ನೀವು ಮರುಗಬೇಡಿ. ಅತ್ತೆಯ ಮನೆಗೆ ಬೆಂಕಿ ಬಿದ್ದೇ ಇಲ್ಲ. ಬಿದ್ದದ್ದು ಮನೆಯ ಹಿಂದಿದ್ದ ಹತ್ತಿ ಮಿಲ್ಲಿಗೆ, ಅದೂ ನಾನಿನ್ನೂ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಕಾಲದಲ್ಲಿ. ಮಿಲ್ಲಿನ ಬೆಂಕಿಯನ್ನು ಸರ್ಕಾರದ ಗಾಡಿ ಬಂದು ಆರಿಸಿತು. ಅತ್ತೆಯ ಬೆಂಕಿ ಮಾತ್ರ ಇನ್ನೂ ಉರಿಯುತ್ತಿದೆ. ಮೊನ್ನೆ ತಾನೇ ಟಿವಿ ರಿಮೋಟು ಅದಕ್ಕೆ ಆಹುತಿಯಾಯಿತು. ಮಿಲ್ಲು ಬೆಂದಾಗ ಅವರ ಮನೆಯಲ್ಲಿ ಟಿವಿಯೇ ಇರಲಿಲ್ಲ ಎಂದರೆ, "ಅದ್ಕೇ ಮತ್ತೆ! ಇದ್ದಿದ್ರೆ ಟಿವೀನೂ ಓಯ್ತಿತ್ತು" ಎಂಬ ಉತ್ತರ ಸಿಗುತ್ತದೆ. ಈ ಬೆಂಕಿ ಒಮ್ಮೆ ನನ್ನ ಮದುವೆಯನ್ನೂ ನುಂಗುವುದರಲ್ಲಿತ್ತು. ಆ ಕಥೆಗೆ ಬರುತ್ತೇನೆ, ಸ್ವಲ್ಪ ತಾಳಿ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗುಂಡ್ಲುಪೇಟೆಯಲ್ಲಿ ನಮ್ಮ ಮನೆ, ಅವಳ ಮನೆ ಒಂದೇ ಗೋಡೆಗೆ ಆತುಕೊಂಡಿವೆ. ಈ ಕಡೆ ನಾವು ಕೆಮ್ಮಿದರೆ ಆ ಕಡೆಯಿಂದ ಮೆಣಸಿನ ಕಷಾಯ ಬರುತ್ತದೆ. ಅದರ ಹಿಂದೆಯೇ ಕೇಳದಿದ್ದ ಬುದ್ಧಿಮಾತೂ ಬರುತ್ತದೆ. ಅವಳಿಗೆ ಮಕ್ಕಳಿಲ್ಲ. ಹಾಗಾಗಿ ನಾನು ಹುಟ್ಟಿದ್ದು ಈ ಮನೆಯಲ್ಲಾದರೂ ಬೆಳೆದದ್ದು ಹೆಚ್ಚಾಗಿ ಆ ಮನೆಯ ಅಡಿಗೆಮನೆಯಲ್ಲಿ, ಅವಳ ಸೆರಗು ಹಿಡಿದುಕೊಂಡು.

ಬೆಂಕಿ ಬಿದ್ದದ್ದು ಹತ್ತಿ ಸುಗ್ಗಿಯ ಒಂದು ಮಧ್ಯಾಹ್ನ. ನನಗೆ ನೆನಪಿರುವುದು ಚೂರುಪಾರು. ಮಿಲ್ಲಿನ ಅಂಗಳದಲ್ಲಿ ಬೆಟ್ಟದ ಹಾಗೆ ಒಟ್ಟಿದ್ದ ಹತ್ತಿ ಮೂಟೆಗಳು, ಆಕಾಶಕ್ಕೇ ಕಂಬಳಿ ಹೊದಿಸಿದಂಥ ಕಪ್ಪು ಹೊಗೆ, ಗಾಳಿಯಲ್ಲಿ ಉರಿಯುತ್ತಾ ತೇಲಿ ಬಂದು ನಮ್ಮ ಹೆಂಚುಗಳ ಮೇಲೆ ಬೀಳುತ್ತಿದ್ದ ಹತ್ತಿಯ ಉಂಡೆಗಳು. ಊರಿಗೆ ಊರೇ ಬೀದಿಯಲ್ಲಿ ನೆರೆದಿತ್ತು. ಊಟಿ ಕಡೆ ಹೊರಟಿದ್ದ ಬಸ್ಸಿನವರೂ ಇಳಿದು ನಿಂತು ನೋಡಿದರಂತೆ. ಕಡ್ಲೆಕಾಯಿ ಮಾರುವವನು ಎಲ್ಲಿಂದ ಬಂದನೋ, ಬೆಂಕಿ ಆರುವುದರೊಳಗೆ ಅವನ ಬುಟ್ಟಿ ಖಾಲಿ! ಬೆಂಕಿ ಆರಿಸುವ ಗಾಡಿ ಗಂಟೆ ಬಾರಿಸಿಕೊಂಡು ಬಂತು, ನೀರು ಮುಗಿಸಿಕೊಂಡು ಹೋಯಿತು, ಮತ್ತೆ ಬಂತು. ಮೂಟೆಗಳು ಒಳಗೊಳಗೇ ಬೇಯುತ್ತಾ ಹಲವು ದಿನ ಹೊಗೆಯಾಡಿದವು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಅತ್ತೆಯ ಮನೆಗಾದ ಲುಕ್ಸಾನು ಇಷ್ಟೇ: ಹಿತ್ತಲ ಗೋಡೆಗೆ ಮಸಿ ಹಿಡಿಯಿತು, ನುಗ್ಗೆಮರ ಅರ್ಧ ಬಾಡಿತು. ಮಾರನೆಯ ವರ್ಷ ಆ ಮರ ಹಿಂದೆಂದೂ ಬಿಡದಷ್ಟು ಕಾಯಿ ಬಿಟ್ಟಾಗ ಅದರ ಕೀರ್ತಿಯನ್ನು ಅತ್ತೆ ಬೆಂಕಿಗೆ ಕೊಡಲಿಲ್ಲ, ತಾನು ಹಾಕಿದ ಗೊಬ್ಬರಕ್ಕೆ ಕೊಟ್ಟಳು.

ಇನ್ನೊಂದು ಲುಕ್ಸಾನು ನನ್ನ ಎಡಗೈ. ಅಪ್ಪ ಅಮ್ಮ ಇಬ್ಬರೂ ಬೆಂಕಿ ನೋಡಲು ಬೀದಿಗೆ ಓಡಿದ್ದಾಗ ನಾನು ಅತ್ತೆಯ ಹತ್ತಿರ ಇದ್ದೆ. ಅತ್ತೆ ನನ್ನನ್ನು ಎತ್ತಿಕೊಂಡು ಕಿರುಚುತ್ತಾ ಹೊರಗೆ ಬಂದಳಂತೆ. "ಬೆಂಕಿ ಕಣವ್ವೋ, ಕಿಡಿ ಬಂದು ಮಗೀನ್ ಕೈಗೆ ಅಂಟ್ಕಂಬುಡ್ತು!" ಮಾವ ಮನೆಯಲ್ಲಿದ್ದ ಇಂಕಿನ ಬಾಟಲಿಯನ್ನು ಪೂರ್ತಿ ನನ್ನ ಕೈ ಮೇಲೆ ಸುರಿದರು. ಆಗ ಸುಟ್ಟ ಗಾಯಕ್ಕೆ ಅದೇ ಮೊದಲ ಔಷಧಿ. ಆಸ್ಪತ್ರೆಗೆ ಹೋದಾಗ ಡಾಕ್ಟರು ಗಾಯಕ್ಕಿಂತ ಮೊದಲು ಇಂಕನ್ನು ನೋಡಿ ಗಾಬರಿಯಾದರಂತೆ! ಗಾಯ ಮಾಯಿತು, ಮೊಣಕೈಯಿಂದ ಮಣಿಕಟ್ಟಿನವರೆಗೆ ಕಲೆ ಉಳಿಯಿತು. ನನಗೇನೂ ಬೇಸರವಿರಲಿಲ್ಲ. ಹತ್ತಿ ಮಿಲ್ಲಿನ ಬೆಂಕಿ ಮುಟ್ಟಿದ ಕೈ ಇಡೀ ಶಾಲೆಯಲ್ಲಿ ಇನ್ನಾರಿಗಿತ್ತು? ಮುಟ್ಟಿ ನೋಡಬೇಕೆಂದವರು ಒಂದು ಹಿಡಿ ಎಲಚಿ ಹಣ್ಣು ಕೊಡಬೇಕಾಗಿತ್ತು.

ಇದಾದ ಮೇಲೆ ಶುರುವಾಯಿತು ನೋಡಿ ಅತ್ತೆಯ ಕಾರುಬಾರು. ಮೊದಲು ಹೋದದ್ದು ಅಮ್ಮನ ತವರಿನ ಶ್ಯಾವಿಗೆ ಒರಳು. ಹಬ್ಬಕ್ಕೆಂದು ಒಯ್ದದ್ದು ತಿಂಗಳುಗಟ್ಟಲೆ ವಾಪಸು ಬರಲಿಲ್ಲ. ಅಮ್ಮ ಮೆಲ್ಲಗೆ ಕೇಳಿದಳು.

"ಅತ್ಗೆ, ನಮ್ಮ ಶ್ಯಾವ್ಗೆ ಒಳ್ಳು..."

"ಅಯ್ಯೋ, ಅದು ಬೆಂಕಿಗೋಯ್ತಲ್ಲ ಕಣವ್ವ!"

"ನಿಮ್ಮನೆ ಒಳಕ್ಕೆ ಬೆಂಕಿ ಬರ್ನೇ ಇಲ್ವಲ್ಲ ಅತ್ಗೆ?"

"ಬೆಂಕಿಗೆ ಬಾಗ್ಲು ಬೇಕಾ?"

ಮುಂದಿನ ಯುಗಾದಿಗೆ ಅತ್ತೆಯ ಮನೆಯಿಂದಲೇ ನಮಗೆ ಶ್ಯಾವಿಗೆ ಬಂತು, ಕಾಯಿಹಾಲಿನ ಸಮೇತ. ಅಮ್ಮ ಹೋಗಿ ನೋಡಿದರೆ ಒರಳು ಅಡಿಗೆಮನೆಯ ಮಧ್ಯದಲ್ಲೇ ರಾಜನ ಹಾಗೆ ಕೂತಿದೆ! ಅತ್ತೆ ಒಂದಿಷ್ಟೂ ಬೆದರಲಿಲ್ಲ. "ಬೆಂಕೀಲಿ ಬೆಂದು ಉಳ್ಕಂಡಿರ ಒಳ್ಳು ಕಣವ್ವ, ಬೋ ಗಟ್ಟಿ. ಇನ್ನು ಇದ್ಕೆ ಸಾವಿಲ್ಲ" ಅಂದಳು. ಸಾವಿಲ್ಲದ ಆ ಒರಳು ನಮ್ಮ ಮನೆಗೆ ಇವತ್ತಿಗೂ ಬಂದಿಲ್ಲ.

ಪಕ್ಕದಲ್ಲಿ ಟೈರು ಅಂಗಡಿ ಇಟ್ಟ ಕೇರಳದ ಕುಟುಂಬವೊಂದು ಬಂದದ್ದು ಬೆಂಕಿಯಾಗಿ ಎಷ್ಟೋ ವರ್ಷಗಳ ಮೇಲೆ. ಆ ಮನೆಯಾಕೆಯ ಹೊಸ ಛತ್ರಿಯನ್ನು ಅತ್ತೆ ಮಳೆಯಲ್ಲಿ ಕಡ ತಂದಳು, ಬಸ್ಸಿನಲ್ಲಿ ಬಿಟ್ಟು ಬಂದಳು. ಆಕೆ ಕೇಳಲು ಬಂದಾಗ ಅಭ್ಯಾಸಬಲದಿಂದ "ಬೆಂಕಿಗೋಯ್ತು" ಎಂದುಬಿಟ್ಟಳು. ಆಕೆ ಎದೆ ಮೇಲೆ ಕೈಯಿಟ್ಟು, "ಅಯ್ಯೋ ಚೇಚಿ, ಎಪ್ಪೋ?" ಎಂದು ಕಣ್ಣರಳಿಸಿದರು. ಯಾವಾಗ ಎಂಬ ಪ್ರಶ್ನೆಗೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸಂಜೆ ಆಕೆ ಒಂದು ಡಬ್ಬಿ ಬಾಳೆಕಾಯಿ ಚಿಪ್ಸು, ಒಂದು ಹಳೆ ಛತ್ರಿ ಎರಡನ್ನೂ ತಂದುಕೊಟ್ಟು ಸಮಾಧಾನ ಹೇಳಿ ಹೋದರು. ಚಿಪ್ಸು ತಿಂದವರಲ್ಲಿ ನಾನೂ ಒಬ್ಬಳು, ಹಾಗಾಗಿ ಹೆಚ್ಚು ಮಾತಾಡುವ ಹಕ್ಕು ನನಗಿಲ್ಲ.

ಆಧಾರ್ ಕಾರ್ಡ್ ಮಾಡಿಸಲು ಹೋದಾಗಿನ ಕಥೆಯೂ ಇದೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ಕೇಳಿದ, "ಅಮ್ಮಾ, ಹುಟ್ಟಿದ ತಾರೀಕು?"

"ಬೆಂಕಿಗೋಯ್ತು ಕಣಪ್ಪ."

"ತಾರೀಕು ಎಂಗಮ್ಮ ಬೆಂಕಿಗೋಯ್ತದೆ?"

"ಬರ್ದಿದ್ದ ಗೋಡೆ ಬೆಂಕಿಗೋಯ್ತು. ಗೋಡೆ ಓದ್ಮ್ಯಾಕೆ ತಾರೀಕು ಎಲ್ಲಿ ನಿಂತ್ಕಂಡದು?"

ಹುಡುಗ ಸೋತು ಜನವರಿ ಒಂದು ಎಂದು ಒತ್ತಿದ. ನಮ್ಮ ಸೀಮೆಯ ಮುಕ್ಕಾಲು ಹಿರಿಯರು ಹುಟ್ಟಿರುವುದು ಅವತ್ತೇ ಆದ್ದರಿಂದ ಅತ್ತೆಗೂ ಬೇಜಾರಾಗಲಿಲ್ಲ. ವಯಸ್ಸನ್ನು ಮಾತ್ರ ತಾನೇ ಹೇಳಿ ಬರೆಸಿದಳು. ಆ ಲೆಕ್ಕದಲ್ಲಿ ಅವಳು ತನ್ನ ತಮ್ಮನಿಗಿಂತ, ಅಂದರೆ ನಮ್ಮಪ್ಪನಿಗಿಂತ, ಚಿಕ್ಕವಳು!

ಮಾವ ಬಾಯಿ ಸತ್ತ ಮನುಷ್ಯ. ಒಮ್ಮೆ ಮಾತ್ರ ಎದುರಾಡಿದ್ದು ನನಗೆ ಗೊತ್ತು. ಸಾರಿಗೆ ಉಪ್ಪೇ ಇಲ್ಲ ಅಂದರು. "ಬೆಂಕಿ ವಗೆ ಕುಡ್ದು ನನ್ ನಾಲ್ಗೆ ರುಚಿ ಓಗ್ಬುಡ್ತು, ಏನ್ ಮಾಡಾನ?" ಅಂದಳು ಅತ್ತೆ. ಮಾವ ತಟ್ಟೆ ನೋಡುತ್ತಾ ಮೆಲ್ಲಗೆ, "ಬೆಂಕಿಗೆ ಮುಂಚ್ಲೂ ಇಂಗೇ ಇತ್ತು ಕಣ" ಅಂದರು. ಅವತ್ತು ರಾತ್ರಿ ಮಾವ ನಮ್ಮ ಮನೆಯಲ್ಲಿ ಉಂಡರು.

ಒಟ್ಟಿನಲ್ಲಿ, ಅತ್ತೆ ತನ್ನ ಜೀವಮಾನದಲ್ಲಿ "ನಾನು ತಪ್ಪು ಮಾಡಿದೆ" ಎಂದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಹೀಗಿರುವಾಗ ನನಗೆ ಸಂಬಂಧ ಬಂತು.

ಹುಡುಗ ಉಡಿಗಾಲದವನು, ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಹೆಣ್ಣು ನೋಡಲು ಹುಡುಗ, ಅವನ ತಾಯಿ ತಂದೆ, ಅಜ್ಜಿ ಬಂದರು. ನಾನು ಕಾಫಿ ತಟ್ಟೆ ಹಿಡಿದುಕೊಂಡು ಬರುವಾಗ ಹೊಸಿಲು ಎಡವಿದೆ. ಎಲ್ಲರೂ ತಟ್ಟೆ ನೋಡಿದರು, ಅವನೊಬ್ಬ ಎದ್ದು ನಿಂತು, "ಕಾಲಿಗೇನಾದ್ರೂ ಆಯ್ತಾ?" ಅಂದ. ಮುಗಿಯಿತಲ್ಲ! ಮದುವೆಯಾದರೆ ಇವನನ್ನೇ, ಇಲ್ಲದಿದ್ದರೆ ಇಲ್ಲ ಎಂದು ಅಲ್ಲೇ ನಿರ್ಧಾರ ಮಾಡಿಬಿಟ್ಟೆ. ಮೂಲೆಯಲ್ಲಿ ಕೂತಿರಬೇಕು, ಬಾಯಿ ಬಿಡಬಾರದು ಎಂದು ಅಮ್ಮ ಅತ್ತೆಯನ್ನು ಮೊದಲೇ ಕೈಮುಗಿದು ಕೇಳಿಕೊಂಡಿದ್ದಳು. ಆಶ್ಚರ್ಯವೆಂದರೆ ಅತ್ತೆ ಹಾಗೇ ಕೂತಿದ್ದಳು.

ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೈ ಹಿಡಿದರು. ಸೆರಗು ಜಾರಿ ಕಲೆ ಕಂಡಿತು.

"ಇದ್ಯಾನವ್ವ ಇದು, ತೊನ್ನಾ?"

"ಅಯ್ಯೋ ಅಲ್ಲ ಕಣಮ್ಮ," ಅಮ್ಮ ಓಡಿ ಬಂದಳು. "ಹಿಂದ್ಗಡೆ ಹತ್ತಿ ಮಿಲ್ಲಿಗೆ ಬೆಂಕಿ ಬಿದ್ದಿತ್ತಲ್ಲ, ಆವಾಗ ಚಿಕ್ಕೋಳು. ಕಿಡಿ ಬಿದ್ದದ್ದು."

ತೊನ್ನಲ್ಲ ಎಂದು ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆವು. ಅಜ್ಜಿ ನನ್ನ ಕೈಯನ್ನು ತಟ್ಟನೆ ಬಿಟ್ಟರು.

"ಬೆಂಕಿ ಸೋಕುದ್ ಎಣ್ಣಾ? ಬೆಂಕಿ ಒಂದ್ಸಲ ಮುಟ್ಟುದ್ರೆ ಆ ದಾರಿ ಮರೆಯದಿಲ್ಲ ಕಣವ್ವ. ಕೊಟ್ಟ ಮನ್ಗೂ ಬೆನ್ನಿಂದೆನೇ ಬತ್ತದೆ."

"ಅವೆಲ್ಲ ಎಂತ ಮಾತಜ್ಜಿ?" ಎಂದ ಹುಡುಗ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವನ ತಂದೆ ಗಂಟಲು ಸರಿಮಾಡಿಕೊಂಡು, "ಮನೇಲಿ ಮಾತಾಡ್ಕಂಡು ಯೋಳ್ತೀವಿ" ಎಂದು ಎದ್ದರು. ಹಾಗಂದರೆ ಏನೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಂಥ ಮಾತಿನಿಂದ ಒಂದು ಸಂಬಂಧ ತಪ್ಪಿದರೆ, ಆ ಮಾತು ಮುಂದಿನ ಸಂಬಂಧದವರ ಜಗಲಿಗೆ ನಮಗಿಂತ ಮೊದಲೇ ಹೋಗಿ ಕೂತಿರುತ್ತದೆ. ಅಪ್ಪ ತಲೆ ತಗ್ಗಿಸಿದರು.

"ಅಜ್ಜಿ, ವಸಿ ಕೂತ್ಕಳಿ."

ಅತ್ತೆ! ಅಮ್ಮ ಕಣ್ಣಲ್ಲೇ ಬೇಡ ಬೇಡ ಅಂದಳು. ಇನ್ನೇನು, ಸಂಬಂಧವೂ ಬೆಂಕಿಗೆ ಹೋಯಿತು ಎಂದು ಘೋಷಣೆ ಮಾಡುತ್ತಾಳೆ ಅಂತಲೇ ನಾನೂ ಅಂದುಕೊಂಡೆ. ಅತ್ತೆ ಎದ್ದು ಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕೂತಳು.

"ಬೆಂಕೀನೂ ಇಲ್ಲ, ಕಿಡೀನೂ ಇಲ್ಲ. ಈ ಮಗೀನ್ ಕೈ ಸುಟ್ಟೋಳು ನಾನು."

ಹೊರಡಲು ಎದ್ದಿದ್ದ ಹುಡುಗನ ತಂದೆ ತಿರುಗಿ ನೋಡಿದರು.

"ಅನ್ನ ಬಸೀತಿದ್ದೆ. ಎಲ್ರೂ ಬೆಂಕಿ ನೋಡಕ್ಕೋದ್ರು, ನಂಗೂ ನೋಡ ಚಪಲ. ತಪ್ಪಲೆ ಕೈಲಿಡ್ಕಂಡೇ ಕಿಟಕೀಲಿ ಇಣುಕ್ದೆ. ಇವ್ಳು ನನ್ ಸೆರಗಿಡ್ಕಂಡು ಕಾಲತ್ರನೇ ನಿಂತಿದ್ಲು, ನೋಡ್ನಿಲ್ಲ. ಬಿಸಿ ಗಂಜಿ ಎಲ್ಲಾ ಇವ್ಳ ಕೈ ಮ್ಯಾಲೆ ಬಗ್ಗುಸ್ಬುಟ್ಟೆ. ಈಚ್ಗೆ ಬಂದಾಗ ಇವ್ರವ್ವ ಏನಾಯ್ತು ಅಂತ ಕೇಳುದ್ಲು. ಎದ್ರುಕೆಗೆ ಬೆಂಕಿ ಅಂದ್ಬುಟ್ಟೆ. ಬಾಯಿಂದ ಬಿದ್ದ ಮಾತ್ನ ಆಮ್ಯಾಕೆ ಎತ್ಕಳಕ್ ಆಗ್ನಿಲ್ಲ." ಅತ್ತೆ ಅಜ್ಜಿಯ ಕಾಲು ಹಿಡಿದುಕೊಂಡಳು. "ಇವ್ಳನ್ನ ಯಾವ ಬೆಂಕೀನೂ ಮುಟ್ನಿಲ್ಲ ಕಣವ್ವ. ತಪ್ಪು ನಂದು. ನನ್ನ ಬೇಕಾದಂಗೆ ಬೈಯ್ರಿ, ಮಗೀನ್ ಬುಡ್ಬೇಡಿ."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕಂಬ ಹಿಡಿದು ನಿಂತಿದ್ದಳು. ಅಷ್ಟು ವರ್ಷ ಊರಿಗೆಲ್ಲಾ ಕಿಡಿಯ ಕಥೆ ಹೇಳಿಕೊಂಡು ಬಂದವಳು ಅವಳೇ.

ಅಜ್ಜಿ ತಮ್ಮ ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಪಾದ ಮುಂದೆ ಮಾಡಿದರು. ಅಲ್ಲೊಂದು ಕಲೆ, ನನ್ನದಕ್ಕಿಂತ ದೊಡ್ಡದು.

"ಬೆಲ್ಲದ್ ಪಾಕ. ನಮ್ಮತ್ತೆ ಸುರುದ್ದು. ನಾನೇ ಅಡ್ಡ ಬಂದೆ ಅಂತ ಸಾಯಗಂಟ ಸಾದುಸ್ತು ಆ ಮುದ್ಕಿ! ನೀನು ಒಪ್ಕಂಡಲ್ಲವ್ವ." ಮಗನ ಕಡೆ ತಿರುಗಿ, "ಕೂತ್ಕಳ್ಲಾ, ಎಲ್ಲಿಗೆದ್ದೆ? ಕಾಪಿ ಆರೋಯ್ತದೆ" ಅಂದರು.

ತಾಂಬೂಲ ಬದಲಾಯಿಸುವ ದಿನ ನಿಶ್ಚಯವಾಗಿ ಅವರು ಬಸ್ಸು ಹತ್ತಿದ ಮೇಲೆ ನೋಡಿದರೆ ಅತ್ತೆ ಇಲ್ಲ. ಹೋಗಿ ನೋಡಿದೆ. ತನ್ನ ಅಡಿಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

"ನಿಮ್ಮವ್ವ ಏನಂದ್ಲು?"

"ಏನೂ ಅನ್ನಿಲ್ಲ. ನಿಂಗೂ ಕಾಫಿ ಬಿಸಿ ಮಾಡ್ತಾವ್ಳೆ."

ಅತ್ತೆ ತಲೆಯಾಡಿಸಿದಳು, ತಿರುಗಲಿಲ್ಲ. ನನಗೆ ಕೋಪ ಬರಬೇಕಾಗಿತ್ತೇನೋ. ಬರಲೇ ಇಲ್ಲ. ನನ್ನನ್ನು ಕಂಡಾಗಲೆಲ್ಲ ಆ ಕೈಯನ್ನೂ ನೋಡಿಕೊಂಡೇ ಇಷ್ಟು ವರ್ಷ ನನಗೆ ತುತ್ತು ಹಾಕಿದ್ದಾಳಲ್ಲ ಎಂದು ನೆನೆದು ಹತ್ತಿರ ಹೋಗಿ ಕೂತೆ.

"ಅತ್ತೆ, ನಿಜ್ವಾಗ್ಲೂ ನಂಗೆ ಆ ನೋವು ನೆಪ್ಪೇ ಇಲ್ಲ ಕಣತ್ತೆ."

ಅತ್ತೆ ನನ್ನ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ನಂಗೆ ನೆಪ್ಪದೆ ಕಣಮ್ಮಿ," ಅಂದಳು.